ಮಂಗಳನಿಗೆ ಎಂಜಲು ಬೇಡ: ಕಾರ್ಲ್ ಸೇಗನ್ ಅವರ ಕಥೆ

ಹೋದ ಡಿಸೆಂಬರ್ ರಜೆಯಲ್ಲಿ ನಮ್ಮಜ್ಜಿ ಶಿವಮೊಗ್ಗದಿಂದ ನೈರೋಬಿಗೆ ಬಂದರು. ಸೂಟ್‌ಕೇಸ್ ತುಂಬ ಹಪ್ಪಳ, ಸಂಡಿಗೆ, ಸಾರಿನ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ. ಅದರ ನಡುವೆ ಒದ್ದೆ ಬಟ್ಟೆ ಸುತ್ತಿದ ಗೇಣುದ್ದದ ಒಂದು ಕರಿಬೇವಿನ ಸಸಿ, ಬೇರಿಗೆ ಅಂಟಿದ ನಮ್ಮೂರ ಮಣ್ಣಿನ ಸಮೇತ. ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಉಪ್ಪಿನಕಾಯಿ ಬಿಟ್ಟರು, ಸಸಿ ಬಿಡಲಿಲ್ಲ. ಒಂದು ಕರಿಬೇವಿನ ಗಿಡದಿಂದ ಇಷ್ಟು ದೊಡ್ಡ ದೇಶಕ್ಕೆ ಏನಾಗಿಬಿಡುತ್ತೆ ಅಂತ ಅಜ್ಜಿ ಮನೆ ತಲುಪೋವರೆಗೂ ಗೊಣಗಿದರು. ನನಗೂ ಹಾಗೇ ಅನ್ನಿಸಿತು.

ಕಾರು ಓಡಿಸುತ್ತಿದ್ದ ಅಪ್ಪ ಕಿಸುಮು ನೆನಪು ಮಾಡಿದರು. ನಾವು ಅಲ್ಲಿ ವಿಕ್ಟೋರಿಯಾ ಸರೋವರದ ದಡದಲ್ಲಿ ನಿಂತಿದ್ದಾಗ ನೀರೇ ಕಾಣದ ಹಾಗೆ ಹಸಿರು ಗಿಡ ಹಾಸಿಕೊಂಡಿತ್ತು, ಮೀನಿನ ದೋಣಿಗಳು ಅದರೊಳಗೆ ಸಿಕ್ಕಿಕೊಂಡಿದ್ದವು. ಆ ವಾಟರ್ ಹಯಸಿಂತ್ ಆಫ್ರಿಕಾದ ಗಿಡವೇ ಅಲ್ಲ, ದಕ್ಷಿಣ ಅಮೆರಿಕದ್ದು. ಹೂವು ಚೆನ್ನಾಗಿದೆ ಅಂತ ಜನ ಕೊಳಗಳಲ್ಲಿ ಬೆಳೆಸಲು ಊರಿಂದ ಊರಿಗೆ ಒಯ್ದದ್ದು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಂಡೀಪುರದ ಕಾಡಲ್ಲಿ ಲಂಟಾನ ಹಬ್ಬಿರೋದೂ ಹೀಗೇ ಅಲ್ವಾ ಅಂದರು.

ಆಮೇಲೆ ನಮ್ಮ ಶನಿವಾರದ ಕನ್ನಡ ತರಗತಿಯಲ್ಲಿ ಟೀಚರ್, ಈ ಸಲದ ಸಂಚಿಕೆಗೆ ಒಬ್ಬೊಬ್ಬರೂ ಒಬ್ಬ ದೊಡ್ಡ ವ್ಯಕ್ತಿಯ ಬಗ್ಗೆ ಬರೀಬೇಕು ಅಂದರು. ವಿಶ್ವೇಶ್ವರಯ್ಯನವರು, ಕುವೆಂಪು, ವಂಗಾರಿ ಮಾಥಾಯ್ ಎಲ್ಲರೂ ಮೊದಲ ಐದು ನಿಮಿಷದಲ್ಲೇ ಖಾಲಿ. ನಾನು ಕಾರ್ಲ್ ಸೇಗನ್ ಹೆಸರು ಕೊಟ್ಟೆ. ಅವರು ಕನ್ನಡದವರಲ್ಲ, ಕೀನ್ಯಾದವರೂ ಅಲ್ಲ, ಅಮೆರಿಕದ ಖಗೋಳ ವಿಜ್ಞಾನಿ. ಆದರೆ ನಮ್ಮ ಕರಿಬೇವಿನ ಸಸಿಯ ಪ್ರಶ್ನೆಯನ್ನೇ ಅವರು ಚಂದ್ರ, ಮಂಗಳನ ಮಟ್ಟದಲ್ಲಿ ಜೀವಮಾನವಿಡೀ ಕೇಳಿದವರು. ಕನ್ನಡಕ್ಕೂ ಅವರಿಗೂ ಒಂದು ನಂಟಿದೆ, ಅದನ್ನು ಮುಂದೆ ಹೇಳ್ತೀನಿ.

ಸೇಗನ್ ಹುಟ್ಟಿದ್ದು 1934ರ ನವೆಂಬರ್ 9ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಅಪ್ಪ ಉಕ್ರೇನ್ ಕಡೆಯಿಂದ ವಲಸೆ ಬಂದವರು, ಬಟ್ಟೆ ಕಾರ್ಖಾನೆಯಲ್ಲಿ ಕೆಲಸ. ಮನೆಯಲ್ಲಿ ದುಡ್ಡು ಕಮ್ಮಿ. ಹುಡುಗ ಕಾರ್ಲ್‌ಗೆ ನಕ್ಷತ್ರ ಅಂದರೆ ಏನು ಅಂತ ತಿಳಿಯಬೇಕಿತ್ತು. ದೊಡ್ಡವರನ್ನು ಕೇಳಿದರೆ ಆಕಾಶದಲ್ಲಿರೋ ದೀಪ ಅಷ್ಟೇ ಅನ್ನುವ ಉತ್ತರ. ಗ್ರಂಥಾಲಯಕ್ಕೆ ಹೋಗಿ ಸ್ಟಾರ್‌ಗಳ ಪುಸ್ತಕ ಕೇಳಿದರೆ ಅಲ್ಲಿನವರು ಸಿನಿಮಾ ತಾರೆಯರ ಪುಸ್ತಕ ಕೊಟ್ಟರಂತೆ! ಸರಿಯಾದ ಪುಸ್ತಕ ಸಿಕ್ಕಾಗ ಅದರಲ್ಲಿ ಇದ್ದದ್ದು ಇಷ್ಟೇ: ಸೂರ್ಯ ಒಂದು ನಕ್ಷತ್ರ, ನಕ್ಷತ್ರಗಳೆಲ್ಲ ದೂರದ ಸೂರ್ಯಗಳು. ಹಾಗಾದರೆ ಅವುಗಳ ಸುತ್ತಲೂ ಭೂಮಿಗಳಿರಬಹುದು, ಅಲ್ಲೂ ಯಾರಾದರೂ ಇರಬಹುದು ಅಂತ ಹುಡುಗನ ತಲೆಗೆ ಹತ್ತಿಬಿಟ್ಟಿತು. ಮಂಗಳ ಗ್ರಹದ ಸಾಹಸ ಕಾದಂಬರಿಗಳನ್ನು ಓದಿ, ಬಯಲಲ್ಲಿ ನಿಂತು ಎರಡೂ ಕೈ ಚಾಚಿ, ನನ್ನನ್ನೂ ಕರೆಸಿಕೋ ಅಂತ ಮಂಗಳನನ್ನು ಬೇಡಿಕೊಳ್ಳುತ್ತಿದ್ದನಂತೆ. 16ನೇ ವಯಸ್ಸಿಗೇ ಶಿಕಾಗೊ ವಿಶ್ವವಿದ್ಯಾಲಯ ಸೇರಿದರು, 1960ರಲ್ಲಿ ಅಲ್ಲೇ ಪಿಎಚ್‌.ಡಿ. ಮುಗಿಸಿದರು.

ಈಗ ಕಥೆ ಕಲ್ಕತ್ತೆಗೆ ಹೋಗಬೇಕು. ಏಕೆಂದರೆ ಸೇಗನ್ ಅವರನ್ನು ಈ ಕೆಲಸಕ್ಕೆ ಎಳೆದ ಮನುಷ್ಯನಿಗೆ ಚಿಂತೆ ಹತ್ತಿದ್ದು ಅಲ್ಲಿ. ಅವರ ಹೆಸರು ಜೋಶುವ ಲೆಡರ್‌ಬರ್ಗ್, ಸೇಗನ್‌ಗಿಂತ ಒಂಬತ್ತು ವರ್ಷ ದೊಡ್ಡವರು. ಬ್ಯಾಕ್ಟೀರಿಯಾಗಳೂ ಒಂದಕ್ಕೊಂದು ವಂಶವಾಹಿಗಳನ್ನು ಕೊಟ್ಟು ತೆಗೆದುಕೊಳ್ಳುತ್ತವೆ ಎಂದು 1946ರಲ್ಲಿ ತೋರಿಸಿದವರು. 1957ರ ಅಕ್ಟೋಬರ್ 4ರಂದು ರಷ್ಯದವರು ಸ್ಪುಟ್ನಿಕ್ ಹಾರಿಸಿದ್ದರು. ಮರುತಿಂಗಳು ಆಸ್ಟ್ರೇಲಿಯಾದಿಂದ ಊರಿಗೆ ಮರಳುವ ದಾರಿಯಲ್ಲಿ ಲೆಡರ್‌ಬರ್ಗ್ ಕಲ್ಕತ್ತೆಯಲ್ಲಿ ಇಳಿದು, ಆಗ ತಾನೇ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು ನೆಲೆಸಿದ್ದ ಜೆ.ಬಿ.ಎಸ್. ಹಾಲ್ಡೇನ್ ಅವರನ್ನು ಭೇಟಿಯಾದರು. ಅವತ್ತು ಚಂದ್ರಗ್ರಹಣ. ರಷ್ಯದ ಕ್ರಾಂತಿಗೆ 40 ವರ್ಷ ತುಂಬುತ್ತಿದ್ದ ಸಮಯವೂ ಅದೇ. ಹಬ್ಬಕ್ಕೆ ಪಟಾಕಿ ಹೊಡೆದ ಹಾಗೆ ರಷ್ಯದವರು ಚಂದ್ರನ ಮೇಲೆ ಅಣುಬಾಂಬ್ ಸಿಡಿಸಿಬಿಟ್ಟರೆ ಎಂದು ಮಾತು ಬಂತು. ಅಂಥದ್ದೇನೂ ಆಗಲಿಲ್ಲ. ಆದರೆ ಲೆಡರ್‌ಬರ್ಗ್ ತಲೆಯಲ್ಲಿ ಬೇರೆ ಹುಳ ಹೊಕ್ಕಿತು. ಎರಡು ದೇಶಗಳ ಪೈಪೋಟಿಯಲ್ಲಿ ಯಾರಾದರೂ ಅವಸರದಿಂದ ಕೊಳಕು ನೌಕೆ ಕಳಿಸಿ ಚಂದ್ರನನ್ನೋ ಮಂಗಳನನ್ನೋ ಕೆಡಿಸಿದರೆ, ಅಲ್ಲಿ ಮೊದಲು ಏನಿತ್ತು ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲವಲ್ಲ! ಅಮೆರಿಕಕ್ಕೆ ವಾಪಸಾದವರೇ ವಿಜ್ಞಾನ ಅಕಾಡೆಮಿಗೆ ಪತ್ರ ಬರೆದು ಸಮಿತಿ ಕೂರಿಸಲು ಶುರುಮಾಡಿದರು.

ಆಗ ಸೇಗನ್ ವಿಸ್ಕಾನ್ಸಿನ್ ರಾಜ್ಯದ ಯರ್ಕಿಸ್ ವೀಕ್ಷಣಾಲಯದಲ್ಲಿ ಓದುತ್ತಿದ್ದ ಹುಡುಗ. ಲೆಡರ್‌ಬರ್ಗ್ ಕೂಡ ಅದೇ ರಾಜ್ಯದಲ್ಲಿ ಪ್ರೊಫೆಸರ್. ಇಬ್ಬರಿಗೂ ಪರಿಚಯವಾಯಿತು. ಒಬ್ಬರಿಗೆ ಸೂಕ್ಷ್ಮಜೀವಿ ಗೊತ್ತು, ಇನ್ನೊಬ್ಬರಿಗೆ ಗ್ರಹಗಳು ಗೊತ್ತು. ಚಂದ್ರನ ಜೈವಿಕ ಕಲಬೆರಕೆ ಬಗ್ಗೆ ಸೇಗನ್ ಅವರ ಲೇಖನ 1960ರಲ್ಲೇ ಬಂತು.

ಇಲ್ಲೊಂದು ವಿಷಯ ಹೇಳದಿದ್ದರೆ ನಾನು ಅರ್ಧ ಕಥೆ ಹೇಳಿದ ಹಾಗೆ. ಅದೇ ಹೊತ್ತಿಗೆ ಅಮೆರಿಕದ ವಾಯುಪಡೆ ಗುಟ್ಟಾಗಿ ಒಂದು ಅಧ್ಯಯನ ಮಾಡಿಸುತ್ತಿತ್ತು: ಚಂದ್ರನ ಮೇಲೆ ಅಣುಬಾಂಬ್ ಸಿಡಿಸಿದರೆ ಏನಾಗುತ್ತೆ, ಭೂಮಿಗೆ ಹೇಗೆ ಕಾಣುತ್ತೆ ಅಂತ. ಏಳುವ ಧೂಳಿನ ಲೆಕ್ಕ ಹಾಕಲು ನೇಮಿಸಿದ್ದು ಯಾರನ್ನು ಗೊತ್ತಾ? ಕಾರ್ಲ್ ಸೇಗನ್ ಅವರನ್ನೇ! ಕಲ್ಕತ್ತೆಯಲ್ಲಿ ರಷ್ಯದ ಬಗ್ಗೆ ಪಟ್ಟ ಭಯವನ್ನು ಅಮೆರಿಕವೇ ಕಾಗದದ ಮೇಲೆ ಬರೆಸುತ್ತಿತ್ತು. ಬಾಂಬ್ ಹೋಗಲಿಲ್ಲ, ಯೋಜನೆ ನಿಂತಿತು, ಜನರಿಗೆ ವಿವರ ತಿಳಿದದ್ದು ಸೇಗನ್ ತೀರಿಕೊಂಡ ಮೇಲೆ. ಇನ್ನೊಂದು: 1961ರಲ್ಲಿ ಇವರೇ ಶುಕ್ರಗ್ರಹದ ಮೋಡಗಳಲ್ಲಿ ಭೂಮಿಯ ಪಾಚಿ ಬಿತ್ತಿ ಅಲ್ಲಿನ ಗಾಳಿಯನ್ನು ಬದಲಾಯಿಸಬಹುದು ಎಂದು ಬರೆದರು. ಅದು ಸಾಧ್ಯವಿಲ್ಲ ಎಂದು ಮುಂದೆ ತಾವೇ ಒಪ್ಪಿಕೊಂಡರು. ಇದನ್ನು ಓದಿದಾಗ ಮೊದಲು ನನಗೆ ಬೇಜಾರಾಯಿತು, ಬೇರೆ ಯಾರನ್ನಾದರೂ ಆರಿಸಿಕೊಳ್ಳಲಾ ಅಂತಲೂ ಯೋಚಿಸಿದೆ. ಆಮೇಲೆ ಅನ್ನಿಸಿತು, ವಾಟರ್ ಹಯಸಿಂತ್ ತಂದವರೂ ಕೆಟ್ಟವರೇನಲ್ಲ.

ಹಾಗಾದರೆ ನೌಕೆಯನ್ನು ಶುಚಿ ಮಾಡುವುದು ಹೇಗೆ? ಉಪ್ಪಿನಕಾಯಿ ಹಾಕುವಾಗ ಅಜ್ಜಿ ಭರಣಿಯನ್ನು ತೊಳೆದು ಬಿಸಿಲಲ್ಲಿ ಒಣಗಿಸ್ತಾರೆ, ಒದ್ದೆ ಚಮಚ ಹಾಕಿದರೆ ಬೈತಾರೆ. ನೌಕೆಗೂ ಮೊದಲ ಹೆಜ್ಜೆ ಅದೇ. ಧೂಳು ಸೋಸಿದ ಗಾಳಿಯ ಕೋಣೆ, ತಲೆಯಿಂದ ಪಾದದವರೆಗೂ ಮುಚ್ಚಿದ ಕೆಲಸಗಾರರು, ಆಲ್ಕೋಹಾಲ್ ಹಾಕಿ ಒರೆಸುವುದು. ಒಂಥರಾ ಮಡಿ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲದಲ್ಲಿ ಸ್ಪೋರ್ ಎಂಬ ಗಟ್ಟಿ ಚಿಪ್ಪಿನೊಳಗೆ ಮುದುಡಿಕೊಳ್ಳುತ್ತವೆ, ಒರೆಸಿದರೆ ಸಾಯುವುದಿಲ್ಲ. ಅವಕ್ಕೆ ಗಂಟೆಗಟ್ಟಲೆ ಬಿಸಿ ಬೇಕು. ಕುಕ್ಕರ್‌ನ ಹಬೆ ಕೊಟ್ಟರೆ ನೌಕೆಯ ಯಂತ್ರಗಳು ಹಾಳು, ಆದ್ದರಿಂದ ಒಣ ಬಿಸಿ. 1962ರ ಸುಮಾರಿಗೆ ಚಂದ್ರನಿಗೆ ಹೊರಟ ರೇಂಜರ್ ನೌಕೆಗಳ ಭಾಗಗಳನ್ನು 125 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಕಾಯಿಸಿದರು. ಒಂದರ ಹಿಂದೆ ಒಂದು ನೌಕೆ ಕೆಟ್ಟಿತು. ಬಿಸಿಯಿಂದಲೇ ಎಲೆಕ್ಟ್ರಾನಿಕ್ಸ್ ಹಾಳಾಯಿತು ಎಂದು ಎಂಜಿನಿಯರುಗಳು ಸಿಟ್ಟಾದರು. ಚಂದ್ರನ ಮಟ್ಟಿಗೆ ಆ ನಿಯಮ ಸಡಿಲವಾಯಿತು.

ಮಂಗಳನ ವಿಷಯದಲ್ಲಿ ಸೇಗನ್ ಬಿಡಲಿಲ್ಲ. ಪ್ರಯೋಗಾಲಯದಲ್ಲಿ ಗಾಜಿನ ಜಾಡಿಗಳೊಳಗೆ ಮಂಗಳನ ವಾತಾವರಣ ಮಾಡಿ, ಅದರಲ್ಲಿ ಭೂಮಿಯ ಸೂಕ್ಷ್ಮಜೀವಿಗಳನ್ನು ಬಿಟ್ಟು ನೋಡಿದರು. ತೆಳು ಗಾಳಿ, ಕೊರೆಯುವ ಚಳಿ, ಮೇಲಿನಿಂದ ನೇರಳಾತೀತ ಕಿರಣ. ಬಹಳಷ್ಟು ಸತ್ತವು. ಆದರೆ ಕೆಲವು ಮರಳಿನ ಕಣದ ಅಡಿಯಲ್ಲಿ ಬೆಳಕಿಗೆ ಮರೆಯಾಗಿ ನಿದ್ದೆಗೆ ಬಿದ್ದು ಉಳಿದುಕೊಂಡವು. ಸ್ವಲ್ಪ ನೀರು ಸಿಕ್ಕಿದರೆ ಬೆಳೆದೂ ಬೆಳೆದವು. ಇದು ನಮಗೆ ಅರ್ಥ ಆಗೋದು ಕಷ್ಟ ಅಲ್ಲ. ಜುಲೈ ತಿಂಗಳ ನೈರೋಬಿ ಚಳಿಯಲ್ಲಿ ಇಡ್ಲಿ ಹಿಟ್ಟು ಎಷ್ಟು ಹೊತ್ತಾದರೂ ಉಬ್ಬುವುದಿಲ್ಲ, ಅಮ್ಮ ಪಾತ್ರೆಯನ್ನು ಬೆಚ್ಚಗಿನ ಓವನ್‌ನೊಳಗೆ ಇಟ್ಟರೆ ಬೆಳಗ್ಗೆ ಉಕ್ಕಿ ಚೆಲ್ಲಿರುತ್ತೆ. ಚಳಿಯಲ್ಲಿ ಅವು ಸತ್ತಿರಲಿಲ್ಲ, ಕಾಯುತ್ತಿದ್ದವು.

1965ರಲ್ಲಿ ಸೇಗನ್ ಮತ್ತು ಸಿಡ್ನಿ ಕೋಲ್‌ಮನ್ ಎಂಬ ಭೌತವಿಜ್ಞಾನಿ ಸೇರಿ ಇದಕ್ಕೆ ಒಂದು ಲೆಕ್ಕ ಹಾಕಿದರು. ಒಟ್ಟು ಎಷ್ಟು ನೌಕೆ ಮಂಗಳನಿಗೆ ಹೋಗಬಹುದು, ಒಂದೊಂದರಲ್ಲಿ ಎಷ್ಟು ಜೀವಾಣು ಉಳಿದಿರಬಹುದು, ಅವು ಹೊರಗೆ ಬೀಳುವ ಸಂಭವ ಎಷ್ಟು, ಬಿದ್ದಮೇಲೆ ಬದುಕುವ, ಬೆಳೆಯುವ ಸಂಭವ ಎಷ್ಟು. ಎಲ್ಲವನ್ನೂ ಗುಣಿಸುವುದು. ಮಂಗಳನಲ್ಲಿ ಜೀವ ಹುಡುಕಿ ಮುಗಿಸುವವರೆಗೆ ಕಲಬೆರಕೆಯಾಗುವ ಸಂಭವ ಒಟ್ಟಾರೆ ಸಾವಿರಕ್ಕೆ ಒಂದಕ್ಕಿಂತ ಕಮ್ಮಿ ಇರಬೇಕು ಎನ್ನುವುದು ಗುರಿ. ಬಾಹ್ಯಾಕಾಶ ಸಂಶೋಧಕರ ಅಂತರರಾಷ್ಟ್ರೀಯ ಸಂಸ್ಥೆಯಾದ ಕೋಸ್ಪಾರ್ ಕೂಡ ಅದೇ ಮಟ್ಟವನ್ನು ಒಪ್ಪಿತ್ತು. (ಇದೇ ಕೋಸ್ಪಾರ್ 1979ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸಭೆ ಸೇರಿತ್ತು.) 1967ರ ಬಾಹ್ಯಾಕಾಶ ಒಪ್ಪಂದದ 9ನೇ ವಿಧಿಯಲ್ಲಿ, ಬೇರೆ ಲೋಕಗಳನ್ನು ಹಾನಿಯಾಗುವಂತೆ ಕೆಡಿಸಬಾರದು, ಅಲ್ಲಿಂದ ತಂದದ್ದು ಭೂಮಿಯನ್ನೂ ಕೆಡಿಸಬಾರದು ಎಂಬ ನಿಯಮ ಸೇರಿತು. ಆ ಒಪ್ಪಂದದಲ್ಲಿ ಭಾರತವೂ ಇದೆ, ಕೀನ್ಯಾವೂ ಇದೆ.

ಎಲ್ಲರೂ ಒಪ್ಪಿದರು ಅಂದುಕೊಳ್ಳಬೇಡಿ. ನಾರ್ಮನ್ ಹೊರೊವಿಟ್ಸ್ ಎಂಬ ದೊಡ್ಡ ಜೀವವಿಜ್ಞಾನಿ, ಮಂಗಳ ಅಷ್ಟೊಂದು ಒಣ ಮರುಭೂಮಿ, ಅಲ್ಲಿ ನಮ್ಮ ಬ್ಯಾಕ್ಟೀರಿಯಾ ಬೆಳೆಯುವುದೇ ಇಲ್ಲ, ಸುಮ್ಮನೆ ದುಡ್ಡು ದಂಡ ಮಾಡಿ ಯಂತ್ರ ಕೆಡಿಸಿಕೊಳ್ಳುತ್ತಿದ್ದೇವೆ ಎಂದು ವಾದಿಸಿದರು. ಸೇಗನ್, ಲೆಡರ್‌ಬರ್ಗ್ ಸೇರಿ ಉತ್ತರ ಬರೆದರು: ಮಂಗಳ ಇಡೀ ಒಂದೇ ಥರ ಇದೆ ಎಂದು ಯಾರು ನೋಡಿ ಬಂದಿದ್ದಾರೆ? ಎಲ್ಲೋ ಒಂದು ಮೂಲೆಯಲ್ಲಿ ಸ್ವಲ್ಪ ಬೆಚ್ಚಗೆ, ಸ್ವಲ್ಪ ತೇವ ಇದ್ದರೆ ಸಾಕಲ್ಲ. ಹೊರೊವಿಟ್ಸ್ ಹೇಳಿದ್ದರಲ್ಲೂ ಸತ್ಯ ಇತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಅವರ ಮಾತು ತಪ್ಪಾಗಿದ್ದರೆ ತಿದ್ದಿಕೊಳ್ಳಲು ದಾರಿಯೇ ಇರುತ್ತಿರಲಿಲ್ಲ. ಸೇಗನ್ ಮಾತು ತಪ್ಪಾಗಿದ್ದರೆ ಹೋಗುವುದು ಸ್ವಲ್ಪ ದುಡ್ಡು, ಸ್ವಲ್ಪ ಸಮಯ. ನನಗೆ ಸೇಗನ್ ಪಕ್ಷವೇ ಸರಿ ಅನ್ನಿಸಿದ್ದು ಇದರಿಂದ.

1969ರಲ್ಲಿ ಮನುಷ್ಯರು ಚಂದ್ರನಿಂದ ಮರಳಿ ಬರುವಾಗ ಪ್ರಶ್ನೆ ತಿರುಗಾಮುರುಗಾ ಆಯಿತು: ಅಲ್ಲಿಂದ ಏನಾದರೂ ಅಂಟಿಕೊಂಡು ಬಂದರೆ? ಬರುವುದಿಲ್ಲ ಎಂದು ನೂರಕ್ಕೆ ತೊಂಬತ್ತೊಂಬತ್ತು ಖಾತ್ರಿ ಇದ್ದರೂ, ಉಳಿದ ಒಂದು ಪಾಲನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎಂದು ಸೇಗನ್ ಎಚ್ಚರಿಸಿದ್ದರು. ಅಪೊಲೊ 11ರ ಮೂವರಿಗೂ 21 ದಿನದ ಕ್ವಾರಂಟೈನ್ ಇತ್ತು. ಕೋವಿಡ್ ಬಂದಮೇಲೆ ಈ ಪದ ನಮಗೆಲ್ಲ ಬಾಯಿಪಾಠ. ತಮಾಷೆ ಅಂದರೆ, ಅಷ್ಟೆಲ್ಲ ಕಟ್ಟುನಿಟ್ಟು ಮಾಡಿ ಕ್ಯಾಪ್ಸೂಲ್ ಬಾಗಿಲನ್ನು ತೆಗೆದದ್ದು ಪೆಸಿಫಿಕ್ ಸಾಗರದ ಮಧ್ಯೆ, ಬಯಲು ಗಾಳಿಯಲ್ಲಿ. ಒಳಗೆ ಏನಾದರೂ ಇದ್ದಿದ್ದರೆ ಅಲ್ಲೇ ಸಮುದ್ರ ಸೇರುತ್ತಿತ್ತು!

ಅದೇ ವರ್ಷ ನವೆಂಬರ್‌ನಲ್ಲಿ ಅಪೊಲೊ 12ರವರು, ಎರಡೂವರೆ ವರ್ಷದಿಂದ ಚಂದ್ರನ ಮೇಲೆ ನಿಂತಿದ್ದ ಸರ್ವೇಯರ್ 3 ನೌಕೆಯ ಕ್ಯಾಮೆರಾ ಬಿಚ್ಚಿ ತಂದರು. ಅದರೊಳಗೆ ಮನುಷ್ಯರ ಬಾಯಲ್ಲಿರುವ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಚಂದ್ರನ ಮೇಲೆ ಬದುಕಿ ಉಳಿದಿದೆ ಎಂದು ದೊಡ್ಡ ಸುದ್ದಿ. ಅದು ಇಲ್ಲಿಗೆ ತಂದಮೇಲೆ ಪರೀಕ್ಷೆ ಮಾಡಿದವರಿಂದಲೇ ಸೇರಿದ್ದು ಎಂದು ಈಗ ಹಲವರು ಹೇಳುತ್ತಾರೆ. ನೋಡಿ, ಒಂದು ಎಂಜಲಿನ ಬ್ಯಾಕ್ಟೀರಿಯಾ ಅಲ್ಲಿಯದೋ ಇಲ್ಲಿಯದೋ ಅಂತ ಇಷ್ಟು ವರ್ಷ ಜಗಳ. ಮಂಗಳನಲ್ಲೂ ಹೀಗೇ ಆಗಿದ್ದರೆ?

ಆಗಬಾರದು ಅಂತಲೇ 1975ರಲ್ಲಿ ವೈಕಿಂಗ್ ನೌಕೆಗಳನ್ನು ಕಳಿಸುವಾಗ ಹಿಂದೆಂದೂ ಮಾಡದಷ್ಟು ಎಚ್ಚರ ವಹಿಸಿದರು. ಮಂಗಳನ ಮೇಲೆ ಇಳಿಯುವ ಎರಡು ಲ್ಯಾಂಡರ್‌ಗಳು, ಎರಡರಲ್ಲೂ ಜೀವ ಹುಡುಕುವ ಪುಟ್ಟ ಪ್ರಯೋಗಾಲಯ. ಮೊದಲು ಒರೆಸಿ ಒರೆಸಿ, ಚದರ ಮೀಟರ್‌ಗೆ 300ಕ್ಕಿಂತ ಕಮ್ಮಿ, ಇಡೀ ಲ್ಯಾಂಡರ್‌ಗೆ 3 ಲಕ್ಷಕ್ಕಿಂತ ಕಮ್ಮಿ ಸ್ಪೋರ್ ಉಳಿಯುವಂತೆ ನೋಡಿಕೊಂಡರು. ಆಮೇಲೆ ಡಬ್ಬಿಯಂಥ ಕವಚದಲ್ಲಿ ಮುಚ್ಚಿ, ಸುಮಾರು 112 ಡಿಗ್ರಿಯಲ್ಲಿ ಸುಮಾರು 30 ಗಂಟೆ ಬೇಯಿಸಿದರು. ಇಡೀ ನೌಕೆಯನ್ನು! ಆ ಬಿಸಿ ತಡೆಯುವ ಹಾಗೆ ಪ್ರತಿಯೊಂದು ಭಾಗವನ್ನೂ ಮೊದಲೇ ಆರಿಸಬೇಕಿತ್ತು. ಭೂಮಿಯ ಗಾಳಿ ದಾಟಿದಮೇಲೇ ಆ ಕವಚದ ಮುಚ್ಚಳ ತೆಗೆದದ್ದು.

1976ರ ಜುಲೈ 20ರಂದು ವೈಕಿಂಗ್ 1 ಇಳಿಯಿತು. ಸೇಗನ್ ಚಿತ್ರಗಳ ತಂಡದಲ್ಲಿದ್ದರು. ಕ್ಯಾಮೆರಾ ಮುಂದೆ ಯಾವುದಾದರೂ ಪ್ರಾಣಿ ನಡೆದು ಹೋದರೂ ಹೋಗಬಹುದು ಎಂದು ಆಸೆ ಇಟ್ಟುಕೊಂಡಿದ್ದವರು ಅವರು, ಜೊತೆಯವರು ನಗುತ್ತಿದ್ದರಂತೆ. ಬಂದದ್ದು ಕಲ್ಲು, ಕೆಂಪು ಮಣ್ಣು. ಮೂರು ಜೀವ ಪ್ರಯೋಗಗಳಲ್ಲಿ ಒಂದು, ಮಣ್ಣಿನಲ್ಲಿ ಏನೋ ಇದೆ ಎನ್ನುವಂತೆ ಉತ್ತರ ಕೊಟ್ಟಿತು. ಆದರೆ ಮಣ್ಣಿನಲ್ಲಿ ಸಾವಯವ ವಸ್ತು ಕಾಣಲಿಲ್ಲ, ಅದು ಜೀವವಲ್ಲ, ಮಣ್ಣಿನ ರಾಸಾಯನಿಕ ಕ್ರಿಯೆ ಎಂದು ಹೆಚ್ಚಿನವರು ತೀರ್ಮಾನಿಸಿದರು. ಆ ವಾದ ಇವತ್ತಿಗೂ ಪೂರ್ತಿ ನಿಂತಿಲ್ಲ. ಆದರೆ ಗಮನಿಸಿ, ನೌಕೆಯನ್ನು ಬೇಯಿಸದೇ ಕಳಿಸಿದ್ದರೆ ಆ ಉತ್ತರ ಫ್ಲಾರಿಡಾದ ಯಾವುದೋ ಬ್ಯಾಕ್ಟೀರಿಯಾದ್ದು ಎಂಬ ಅನುಮಾನವೇ ಮೊದಲು ಬರುತ್ತಿತ್ತು. ಮೂವತ್ತು ಗಂಟೆ ಬೇಯಿಸಿದ್ದಕ್ಕೆ ಸಿಕ್ಕಿದ ಲಾಭ ಇದು.

ಈಗ ಕನ್ನಡದ ನಂಟು. 1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳಿಗೆ ಒಂದೊಂದು ಚಿನ್ನದ ಲೇಪದ ತಟ್ಟೆ ಅಂಟಿಸಿದ್ದಾರೆ. ಭೂಮಿಯ ಶಬ್ದ, ಸಂಗೀತ, ಚಿತ್ರ ತುಂಬಿದ ರೆಕಾರ್ಡ್ ಅದು. ಅದನ್ನು ಆರಿಸಿದ ಸಮಿತಿಯ ಮುಖ್ಯಸ್ಥರು ಸೇಗನ್. 55 ಭಾಷೆಗಳಲ್ಲಿ ಶುಭಾಶಯ ಇದೆ, ಅದರಲ್ಲಿ ಕನ್ನಡವೂ ಒಂದು! ನಮ್ಮ ಪಕ್ಕದ ಉಗಾಂಡದ ಲುಗಾಂಡ ಇದೆ, ಸ್ವಾಹಿಲಿ ಇಲ್ಲ. ಶಾಲೆಯಲ್ಲಿ ಇದನ್ನು ಹೇಳಿದಾಗ ನನ್ನ ಗೆಳತಿಗೆ ಸಿಟ್ಟೇ ಬಂತು, ಕೋಟಿಗಟ್ಟಲೆ ಜನ ಮಾತಾಡೋ ಭಾಷೆ ಬಿಟ್ಟಿದ್ದು ಯಾಕೆ ಅಂತ. ನಾನೇನು ಉತ್ತರ ಹೇಳಲಿ? ವಾಯೇಜರ್‌ಗಳು ಯಾವ ಗ್ರಹದ ಮೇಲೂ ಇಳಿಯುವ ನೌಕೆಗಳಲ್ಲ, ಹಾಗಾಗಿ ಅವನ್ನು ವೈಕಿಂಗ್ ಥರ ಬೇಯಿಸುವ ಅಗತ್ಯ ಬೀಳಲಿಲ್ಲ.

ಅಲ್ಲಿಂದ ಮುಂದೆ ಸೇಗನ್ ಜಗತ್ತಿಗೆಲ್ಲ ಗೊತ್ತಾದರು. 1980ರ ಕಾಸ್ಮೊಸ್ ಟಿವಿ ಸರಣಿ, ಪುಸ್ತಕಗಳು, ಅಣುಯುದ್ಧ ಆದರೆ ಭೂಮಿ ಹೇಗೆ ಕತ್ತಲಾಗಿ ತಣ್ಣಗಾಗುತ್ತದೆ ಎಂಬ ಎಚ್ಚರಿಕೆ, 1990ರಲ್ಲಿ ವಾಯೇಜರ್ 1 ತಿರುಗಿ ತೆಗೆದ ಭೂಮಿಯ ಪುಟಾಣಿ ಚುಕ್ಕೆಯ ಚಿತ್ರ, ಇವೆಲ್ಲ ನಿಮಗೆ ಬೇರೆ ಕಡೆಯೂ ಓದಲು ಸಿಗುತ್ತದೆ. ನನಗೆ ಮುಖ್ಯ ಅನ್ನಿಸಿದ್ದು ಕಾಸ್ಮೊಸ್‌ನಲ್ಲಿ ಮಂಗಳನ ಬಗ್ಗೆ ಅವರು ಹೇಳಿರುವ ಒಂದು ವಿಷಯ. ಮಂಗಳನಲ್ಲಿ ಜೀವ ಇದ್ದರೆ, ಅದು ಬರೀ ಸೂಕ್ಷ್ಮಜೀವಿಯಾಗಿದ್ದರೂ ಸರಿ, ಆ ಗ್ರಹ ಅವುಗಳದ್ದು, ನಾವು ಅದಕ್ಕೆ ಕೈ ಹಾಕಬಾರದು ಎಂದು ಅವರ ಅಭಿಪ್ರಾಯ. ಬಯಲಲ್ಲಿ ಕೈ ಚಾಚಿ ನನ್ನನ್ನು ಕರೆಸಿಕೋ ಅಂತ ಬೇಡಿದ ಹುಡುಗ ಇವರೇ ಅಂತ ನೆನಪಿರಲಿ. ಶುಕ್ರನಿಗೆ ಪಾಚಿ ಬಿತ್ತಲು ಹೊರಟವರೂ ಇವರೇ.

ರಕ್ತ ಸರಿಯಾಗಿ ಉತ್ಪತ್ತಿಯಾಗದ ಕಾಯಿಲೆಯಿಂದ ಎರಡು ವರ್ಷ ನರಳಿ, ಕೊನೆಗೆ ನ್ಯುಮೋನಿಯಾ ಆಗಿ, 1996ರ ಡಿಸೆಂಬರ್ 20ರಂದು ಸಿಯಾಟಲ್‌ನಲ್ಲಿ ತೀರಿಕೊಂಡರು. 62 ವರ್ಷ. ಆರೂವರೆ ತಿಂಗಳ ಮೇಲೆ, 1997ರ ಜುಲೈ 4ರಂದು ಪಾತ್‌ಫೈಂಡರ್ ಮಂಗಳನ ಮೇಲೆ ಇಳಿಯಿತು. ಅದರ ಲ್ಯಾಂಡರ್‌ಗೆ ನಾಸಾ ಕಾರ್ಲ್ ಸೇಗನ್ ಸ್ಮಾರಕ ನಿಲ್ದಾಣ ಎಂದು ಹೆಸರಿಟ್ಟಿತು. ಆ ನೌಕೆಯನ್ನು ಚೆನ್ನಾಗಿ ಒರೆಸಿ ಶುಚಿ ಮಾಡಿದ್ದರು, ಆದರೆ ವೈಕಿಂಗ್ ಹಾಗೆ ಇಡಿಯಾಗಿ ಬೇಯಿಸಿರಲಿಲ್ಲ. ಮಂಗಳ ನಾವಂದುಕೊಂಡಿದ್ದಕ್ಕಿಂತ ಒಣ ಎಂದು ವೈಕಿಂಗ್ ತೋರಿಸಿದ ಮೇಲೆ, ಜೀವ ಹುಡುಕದ ನೌಕೆಗಳಿಗೆ ಅಷ್ಟು ಸಾಕು ಎಂದು ನಿಯಮ ಬದಲಾಗಿತ್ತು. ಇದನ್ನು ಸೇಗನ್ ಒಪ್ಪುತ್ತಿದ್ದರೋ ಇಲ್ಲವೋ, ಹೊರೊವಿಟ್ಸ್ ಅಂತೂ ಒಪ್ಪುತ್ತಿದ್ದರು.

ಹಳೆಯ ಭಯ ಮಾತ್ರ ಪೂರ್ತಿ ಹೋಗಿಲ್ಲ. ಗುರುವಿನ ಸುತ್ತ ತಿರುಗುತ್ತಿದ್ದ ಗೆಲಿಲಿಯೊ ನೌಕೆಯ ಇಂಧನ ಮುಗಿಯುತ್ತ ಬಂದಾಗ, ಅದು ಯಾವತ್ತಾದರೂ ಮಂಜಿನ ಅಡಿಯಲ್ಲಿ ಸಮುದ್ರ ಇರುವ ಯುರೋಪ ಎಂಬ ಚಂದ್ರನಿಗೆ ಬಡಿದೀತು ಎಂದು 2003ರಲ್ಲಿ ಬೇಕೆಂದೇ ಗುರುಗ್ರಹದೊಳಗೆ ಬೀಳಿಸಿ ಸುಟ್ಟರು. 2017ರಲ್ಲಿ ಕ್ಯಾಸಿನಿಯನ್ನು ಶನಿಯೊಳಗೆ ಬೀಳಿಸಿದ್ದೂ ಅದೇ ಕಾರಣಕ್ಕೆ. ಇನ್ನೊಂದು ಕಡೆ, 2019ರಲ್ಲಿ ಚಂದ್ರನಿಗೆ ಬಡಿದು ಒಡೆದ ಇಸ್ರೇಲ್‌ನ ಬೆರೆಶೀಟ್ ನೌಕೆಯಲ್ಲಿ ಟಾರ್ಡಿಗ್ರೇಡ್ ಎಂಬ ಗಟ್ಟಿ ಜೀವಿಗಳನ್ನು ಯಾರಿಗೂ ಹೇಳದೆ ಸೇರಿಸಿದ್ದರು ಎಂದು ಆಮೇಲೆ ಗೊತ್ತಾಯಿತು.

ಇದನ್ನೆಲ್ಲ ಬರೆದು ಅಜ್ಜಿಗೆ ಓದಿ ಹೇಳಿದೆ. ಚಿನ್ನದ ತಟ್ಟೆಯ ಕನ್ನಡ ಶುಭಾಶಯವನ್ನೂ ಫೋನ್‌ನಲ್ಲಿ ಹಾಕಿ ಕೇಳಿಸಿದೆ. ಕೆಲವೇ ಸೆಕೆಂಡ್ ಇದೆ. ಇನ್ನೊಂದು ಸಲ ಹಾಕು ಅಂದರು, ಹಾಕಿದೆ. ಆಮೇಲೆ ಅಡುಗೆಮನೆಗೆ ಹೋಗಿ, ಇಲ್ಲಿನ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಕರಿಬೇವಿನ ಗಿಡ ಮಾರ್ತಾರಾ ಅಂತ ಅಮ್ಮನನ್ನು ಕೇಳಿದರು.